ಹೆಸರು ಗೊತ್ತಿಲ್ಲದ ದ್ರಾಕ್ಷಿ ಕಡ್ಡಿ ನೆಟ್ಟಿದ್ದೇನೆ, ಚಾಟ್ನಿ (ಬಳ್ಳಿಗೆ ಕತ್ತರಿ ಹಾಕುವುದು) ಯಾವಾಗ, ಎಷ್ಟು ಮಾಡಬೇಕು?

ನೀವು ಬರೆದದ್ದು ಇಷ್ಟು: ಬಾಗಲಕೋಟೆ ನವನಗರದಲ್ಲಿ ಮನೆ. ಫೆಬ್ರವರಿಯಲ್ಲಿ ಪರಿಚಯದವರು ಒಂದು ಕಟ್ಟು ದ್ರಾಕ್ಷಿ ಕಡ್ಡಿ ಕೊಟ್ಟರು. ತಳಿ ಯಾವುದು ಅಂತ ಅವರಿಗೂ ಗೊತ್ತಿಲ್ಲ. ನೆಟ್ಟಿದ್ದೀರಿ, ಚಿಗುರಿವೆ, ಕತ್ತರಿ ಹಾಕಲು ಭಯ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟ, ಹಾಗಾಗಿ ಈ ಪ್ರಶ್ನೆಗೆ ಉತ್ತರಿಸಲು ಖುಷಿಯಾಗುತ್ತಿದೆ.

ಕತ್ತರಿ ಆಮೇಲೆ. ಮೊದಲು ಅದು ಹಣ್ಣಿನ ಕಡ್ಡಿಯೋ, ಬೇರಿಗೆಂದು ನೆಡುವ ಕಡ್ಡಿಯೋ ನೋಡಿ. ಫೆಬ್ರವರಿ ಅಂದ ಕೂಡಲೇ ನನಗೆ ಅನುಮಾನ ಬಂತು. ನಮ್ಮ ಕಡೆ ಡಾಗ್ರಿಜ್ ಅನ್ನುವ ಬೇರಿನ ತಳಿ ನೆಡುವ ಕಾಲ ಅದು. ಉಪ್ಪು ನೀರು, ಬರ ಎರಡನ್ನೂ ತಡೆಯುತ್ತದೆ ಅಂತ ಮೊದಲು ಅದನ್ನು ನೆಟ್ಟು, ಮಳೆಗಾಲದ ಕೊನೆಗೆ ಬೇಕಾದ ತಳಿ ಕಸಿ ಕಟ್ಟುತ್ತಾರೆ. ಕಸಿ ಮಾಡದೆ ಬಿಟ್ಟರೆ ಬಳ್ಳಿ ಜೋರಾಗಿ ಹಬ್ಬುತ್ತದೆ, ತಿನ್ನುವಂಥ ಹಣ್ಣು ಮಾತ್ರ ಸಿಗುವುದಿಲ್ಲ. ಅದೇ ಅಕ್ಟೋಬರ್ ಚಾಟ್ನಿಯಲ್ಲಿ ಬಿದ್ದ ಕಡ್ಡಿಯಾಗಿದ್ದರೆ ಹಣ್ಣಿನ ತಳಿಯೇ ಇರುತ್ತದೆ.

ಎಳೆ ಚಿಗುರನ್ನು ಬೆರಳಲ್ಲಿ ಹಿಡಿದು ನೋಡಿ. ಡಾಗ್ರಿಜ್ ಆದರೆ ತುದಿಯಲ್ಲಿ ಬಿಳಿ ಹತ್ತಿಯಂಥ ನವಿರು ಇರುತ್ತದೆ, ಎಲೆ ಅಗಲ, ಅಂಚಿನ ಸೀಳು ಕಡಿಮೆ. ಬೀಜವಿಲ್ಲದ ಹಸಿರು ದ್ರಾಕ್ಷಿಯಾದ ಥಾಮ್ಸನ್ ಬಳಗದ ಎಲೆ ನುಣುಪು, ಹೊಳಪು, ಸೀಳು ಚೆನ್ನಾಗಿ ಕಾಣುತ್ತದೆ. ಬಲಿತ ದಪ್ಪ ಎಲೆಯ ಅಡಿಯೂ ಬೂದುಬಿಳಿಯಾಗಿದ್ದರೆ ಬೀಜದ ಕಪ್ಪು ದ್ರಾಕ್ಷಿ ಬೆಂಗಳೂರು ಬ್ಲೂ ಇರಬಹುದು. ಆಗ ಬಳ್ಳಿ ಹಿಡಿದುಕೊಳ್ಳಲು ಬಿಡುವ ಸುರುಳಿ ಕುಡಿಗಳನ್ನು ಎಣಿಸಿ. ಥಾಮ್ಸನ್‌ನಲ್ಲಿ ಎರಡು ಗೆಣ್ಣಿಗೆ ಕುಡಿ, ಮೂರನೆಯದು ಖಾಲಿ, ಮತ್ತೆ ಎರಡಕ್ಕೆ ಕುಡಿ. ಬೆಂಗಳೂರು ಬ್ಲೂನಲ್ಲಿ ಸಾಲಾಗಿ ಮೂರು ನಾಲ್ಕು ಗೆಣ್ಣಿಗೂ ಬರುತ್ತದೆ. ಇನ್ನೂ ಗೊಂದಲ ಇದ್ದರೆ ಎಲೆ, ಚಿಗುರು ಎರಡನ್ನೂ ತೆಗೆದುಕೊಂಡು ನಿಮ್ಮೂರಲ್ಲೇ ಇರುವ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋಗಿ. ಅಷ್ಟು ಹತ್ತಿರ ಇದ್ದು ಬಳಸದಿದ್ದರೆ ಹೇಗೆ!

ಡಾಗ್ರಿಜ್ ಅಂತಾದರೆ ದಯವಿಟ್ಟು ಕಿತ್ತು ಎಸೆಯಬೇಡಿ. ಕಾಂಡ ಪೆನ್ಸಿಲ್ ದಪ್ಪ ಆದಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಸಿ ಕಟ್ಟುವವರನ್ನು ಕರೆಸಿ, ಇಷ್ಟದ ತಳಿ ಹಾಕಿಸಿ. ನಿಮ್ಮ ಎರೆ ಮಣ್ಣಿಗೆ, ಬೋರ್ ನೀರಿಗೆ ಅದಕ್ಕಿಂತ ಒಳ್ಳೆ ಬೇರು ಬೇಕಾಗಿಲ್ಲ. ಬುಡದಲ್ಲಿ ನೀರು ನಿಲ್ಲದಂತೆ ಮಾತ್ರ ನೋಡಿಕೊಳ್ಳಿ.

ಹಣ್ಣಿನ ತಳಿ ಅಂತಾದರೆ ಈ ವರ್ಷ ಹಣ್ಣಿನ ಆಸೆ ಬೇಡ. ಒಂದೇ ಗಟ್ಟಿ ಚಿಗುರು ಉಳಿಸಿ, ಕೋಲಿಗೆ ಕಟ್ಟಿ ಚಪ್ಪರದ ತನಕ ನೆಟ್ಟಗೆ ಏರಿಸಿ. ಅಲ್ಲಿ ತುದಿ ಚಿವುಟಿದರೆ ಎರಡು ಕಡೆ ಕೈ (ಅಡ್ಡ ಕೊಂಬೆ) ಒಡೆಯುತ್ತದೆ.

ಚಾಟ್ನಿ ಲೆಕ್ಕವನ್ನು ಚಳಿ ದೇಶದ ವಿಡಿಯೋ ನೋಡಿ ಕಲಿಯಬೇಡಿ. ಅಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ಮಲಗುತ್ತದೆ, ಕತ್ತರಿ ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ಅದಕ್ಕೇ ಎರಡು ಸಲ. ಏಪ್ರಿಲ್‌ನಲ್ಲಿ ಒಂದೆರಡು ಕಣ್ಣು (ಗೆಣ್ಣಿನ ಮೊಗ್ಗು) ಬಿಟ್ಟು ಗಿಡ್ಡಕ್ಕೆ ಕತ್ತರಿಸುವುದು ಹೊಸ ಕಡ್ಡಿಗಾಗಿ. ಮುಂದಿನ ಗೊಂಚಲು ಆ ಹೊಸ ಕಡ್ಡಿಯ ಕಣ್ಣಿನೊಳಗೆ ಸುಮಾರು 40ರಿಂದ 60 ದಿನಕ್ಕೆ ತಯಾರಾಗುತ್ತದೆ. ಆಗ ಕಡ್ಡಿಗಳು ಒಂದರ ಮೇಲೊಂದು ಬಿದ್ದು ನೆರಳಾದರೆ ಗೊಂಚಲು ಕಡಿಮೆ, ಎಲೆ ಜಾಸ್ತಿ. ಹಣ್ಣಿಗಾಗಿ ಮಾಡುವುದು ಅಕ್ಟೋಬರ್ ಚಾಟ್ನಿ. ಮಳೆ ಪೂರ್ತಿ ಹಿಂದೆ ಸರಿಯಲಿ, ಇಲ್ಲದಿದ್ದರೆ ಎಳೆ ಚಿಗುರಿಗೆ ಡೌನಿ ಅನ್ನುವ ಬೂಜು ರೋಗ ಬರುತ್ತದೆ.

ಎಷ್ಟು ಕಣ್ಣು ಬಿಡಬೇಕು ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ, ಅಲ್ವಾ? ಅದು ತಳಿ ಮೇಲೆ ಹೋಗುತ್ತದೆ. ಥಾಮ್ಸನ್ ಬಳಗದಲ್ಲಿ ಗೊಂಚಲು ಸಾಮಾನ್ಯವಾಗಿ ಐದರಿಂದ ಎಂಟನೇ ಕಣ್ಣಿನಲ್ಲಿ. ಬೆಂಗಳೂರು ಬ್ಲೂನಲ್ಲಿ ಬುಡದ ಎರಡು ಮೂರು ಕಣ್ಣಲ್ಲೇ ಬರುತ್ತದೆ. ತಳಿ ಗೊತ್ತಿಲ್ಲದಾಗ ಎಲ್ಲ ಕಡ್ಡಿಯನ್ನೂ ಒಂದೇ ಅಳತೆಗೆ ಕತ್ತರಿಸಬಾರದು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಕೆಲವು ಕಡ್ಡಿಗೆ ಮೂರು ಕಣ್ಣು, ಕೆಲವಕ್ಕೆ ಆರು, ಕೆಲವಕ್ಕೆ ಒಂಬತ್ತು ಬಿಡಿ. ಹಳೇ ಸೀರೆಯ ಬೇರೆ ಬೇರೆ ಬಣ್ಣದ ಚೂರು ಕಟ್ಟಿ ಗುರುತು ಮಾಡಿ. ಸಾಮಾನ್ಯವಾಗಿ ತುದಿಯ ಎರಡು ಮೂರು ಕಣ್ಣು ಮಾತ್ರ ಒಡೆಯುತ್ತವೆ. ಆದ್ದರಿಂದ ಯಾವ ಬಣ್ಣದಲ್ಲಿ ಗೊಂಚಲು ಜಾಸ್ತಿಯೋ ಅದೇ ನಿಮ್ಮ ಬಳ್ಳಿಯ ಅಳತೆ. ಚಿಗುರಿಗೆ ಐದಾರು ಎಲೆ ಬರುವಷ್ಟರಲ್ಲಿ ಸಣ್ಣ ಹಸಿರು ಗೊಂಚಲು ಎಲೆಯ ಎದುರಿಗೇ, ಕುಡಿ ಬರುವ ಜಾಗದಲ್ಲೇ ಕಾಣುತ್ತದೆ. ಕೆಲವು ಅರ್ಧ ಗೊಂಚಲು, ಅರ್ಧ ಕುಡಿಯಾಗಿ ಇರುತ್ತವೆ. ಅವು ನೆರಳು ಜಾಸ್ತಿ ಆಗಿತ್ತು ಅನ್ನುವುದಕ್ಕೆ ಗುರುತಾಗಿರಬಹುದು.

ಕಣ್ಣು ಒಡೆಸಲು ತೋಟದಲ್ಲಿ ಹಚ್ಚುವ ಪೇಸ್ಟ್ ಮನೆ ಬಳ್ಳಿಗೆ ಖಂಡಿತ ಬೇಡ. ಅದು ವಿಷ, ಮನೆಯಲ್ಲಿ ಮಕ್ಕಳಿರುತ್ತಾರೆ.

ತಾಸಗಾಂವ್ ಕಡೆಯ ತಾಸ್ ಎ ಗಣೇಶ್, ಸೊಲ್ಲಾಪುರ ಕಡೆಯ ಸೋನಾಕಾ ಎರಡೂ ತಳಿ ಥಾಮ್ಸನ್‌ನಿಂದಲೇ ಬಂದವು, ಎಲೆ ನೋಡಿ ಬೇರೆ ಮಾಡುವುದು ಕಷ್ಟ. ಅದನ್ನು ಹಣ್ಣು ಬಂದಮೇಲೆ ನೋಡಿಕೊಳ್ಳೋಣ. ಸದ್ಯಕ್ಕೆ ಚಿಗುರಿನ ತುದಿ, ಬಲಿತ ಎಲೆಯ ಅಡಿಭಾಗ, ಇವೆರಡರ ಫೋಟೋ ಹಾಕಿ. ಡಾಗ್ರಿಜ್ ಹೌದೋ ಅಲ್ಲವೋ ಅಂತ ನೋಡಿ ಹೇಳುತ್ತೇನೆ.