ನಿಮ್ಮ ಕಥೆ ಏಳನೇ ಪುಟದಲ್ಲಿದೆ

ನಮಸ್ಕಾರ. ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಕೂಲಿ ಮಾಡುವ ಹನುಮನ ಮೇಲೆ ಪಂಪ್‌ಸೆಟ್ ಕದ್ದ ಆರೋಪ. ಪೊಲೀಸರು ಕೆಟ್ಟವರು, ಸಾಹುಕಾರ ಕೆಟ್ಟವನು, ಜಡ್ಜ್ ಅಂತೂ ಸಿನಿಮಾ ವಿಲನ್. ಇಷ್ಟು ಜನ ಕೆಟ್ಟವರು ಸೇರಿದರೆ ಯಾರಿಗೆ ಬೇಕಾದರೂ ಅನ್ಯಾಯ ಆಗುತ್ತದೆ. ಅದಕ್ಕೆ ಹನುಮ ಬಡವನೇ ಆಗಬೇಕಿಲ್ಲ, ಅಲ್ವಾ?

ಏಳನೇ ಪುಟದಲ್ಲಿ ಒಂದು ಸಾಲು ಇದೆ: ‘ಜಾಮೀನು ಸಿಕ್ಕರೂ ಹನುಮ ಹೊರಗೆ ಬರಲಿಲ್ಲ.’ ಬರೆದು ಮುಂದೆ ಓಡಿಬಿಟ್ಟಿದ್ದೀರಿ. (ಆ ವಿಲನ್ ಜಡ್ಜ್ ಜಾಮೀನು ಕೊಟ್ಟಿದ್ದು ಹೇಗೆ ಅಂತ ನನಗೂ ತಿಳಿಯಲಿಲ್ಲ.) ಅಲ್ಲೇ ನಿಲ್ಲಬೇಕಿತ್ತು.

ಯಾಕೆ ಬರಲಿಲ್ಲ? ಜಾಮೀನು ನಿಲ್ಲುವವರು ಆಸ್ತಿಗೆ ದಾಖಲೆಯಾಗಿ ಸಾಮಾನ್ಯವಾಗಿ ಪಹಣಿ ತರಬೇಕು. ಹನುಮನ ಕೇರಿಯಲ್ಲಿ ಯಾರ ಹೆಸರಿಗೆ ಪಹಣಿ ಇದೆ? ಊರಲ್ಲಿ ಜಾಸ್ತಿ ಜಮೀನು ಇರುವುದು ಸಾಹುಕಾರನಿಗೆ. ದೂರು ಕೊಟ್ಟವನೂ ಅವನೇ. ಹೆಂಡತಿ ಒಂದು ದಿನದ ಕೂಲಿ ಬಿಟ್ಟು, ಬಸ್ ಹತ್ತಿ ಬಂದು, ಅರ್ಧ ಎಕರೆ ಇರುವ ದೂರದ ನೆಂಟನಿಗೆ ಕಾಯುತ್ತಾಳೆ. ಅವನು ಫೋನ್ ಎತ್ತುವುದಿಲ್ಲ. ಕೋರ್ಟ್ ಕಾಂಪೌಂಡಿನಲ್ಲಿ ದುಡ್ಡಿಗೆ ಜಾಮೀನು ನಿಲ್ಲುವವನೊಬ್ಬ ಹತ್ತಿರ ಬಂದು ರೇಟು ಹೇಳುತ್ತಾನೆ. ಇದನ್ನು ಬರೆಯಿರಿ. ಆಗ ಜಡ್ಜ್ ಒಳ್ಳೆಯವರಾಗಿದ್ದರೂ ಹನುಮ ಒಳಗೇ ಇರುತ್ತಾನೆ.

ಸುಪ್ರೀಂ ಕೋರ್ಟ್ ಕೊಟ್ಟ ಜಾಮೀನೇ ಹೀಗೆ ಸಿಕ್ಕಿಕೊಂಡಿದ್ದುಂಟು. ಮಧ್ಯಪ್ರದೇಶದ ಮೋತಿರಾಮ್ ಗಾರೆ ಕೆಲಸದವರು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ, ಅಂದರೆ ಬೇರೊಬ್ಬರ ಹೊಣೆ, ಕೇಳಿದರು. ಒಡಹುಟ್ಟಿದವರು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯದು ಅಂತ ಒಪ್ಪಲಿಲ್ಲ. ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ, ಬೇರೆಯವರ ಹೊಣೆ ಇಲ್ಲದೆ ಬಿಡಿ ಅಂದರು. ಅಲ್ಲಿಗೆ ಮುಗಿಯಿತಾ? 2023ರಲ್ಲೂ ಅದೇ ಕೋರ್ಟ್, ಜಾಮೀನು ಸಿಕ್ಕಿ ತಿಂಗಳಾದರೂ ಶ್ಯೂರಿಟಿ ಕೊಡಲಾಗದವರ ಷರತ್ತು ಸಡಿಲಿಸುವ ಬಗ್ಗೆ ಕೆಳ ಕೋರ್ಟುಗಳು ತಾವಾಗಿಯೇ ನೋಡಬಹುದು ಅಂತ ಹೇಳಬೇಕಾಯಿತು.

ಇನ್ನೊಂದು. ಹನುಮನ ಬಾಯಲ್ಲಿ ‘ದೇಶದ ನಾಲ್ಕು ಕೈದಿಗಳಲ್ಲಿ ಮೂವರು ವಿಚಾರಣಾಧೀನರು’ ಅಂತ ಹೇಳಿಸಿದ್ದೀರಿ. ಲೆಕ್ಕ ಸರಿಯೇ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2022ರ ವರದಿಯಲ್ಲೂ ಶೇ 75ರ ಮೇಲಿತ್ತು. ಆದರೆ ಹನುಮ ಹಾಗೆ ಮಾತಾಡ್ತಾನಾ? ಪಕ್ಕದಲ್ಲಿ ಮಲಗಿದವನನ್ನು ಅವನು ಸುಮ್ನೆ, ‘ನೀ ಬಂದು ಎಷ್ಟು ವರ್ಷ ಆಯ್ತು?’ ಅಂತ ಕೇಳಲಿ.

ಕೊನೆಯ ಗುಡುಗು-ಮಳೆ ತೆಗೆದುಬಿಡಿ. ತಿದ್ದಿ ಕಳಿಸಿ, ಓದುತ್ತೇನೆ. ಪಂಪ್‌ಸೆಟ್ ಕದ್ದವರು ಯಾರು ಅಂತ ಹೇಳದಿದ್ದರೂ ಪರವಾಗಿಲ್ಲ.