ಒಬ್ಬರೇ ನಿಂತರೂ ಅದು ಆಟವೇ, ಮಾಷ್ಟ್ರೇ

ಕಾಸರಗೋಡಿನ ಬದಿಯಡ್ಕದಿಂದ ನಿವೃತ್ತ ಮಾಷ್ಟ್ರೊಬ್ಬರು ನಮ್ಮ ಪತ್ರಿಕೆಗೆ ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ದೇಶವಿದೇಶದ ಏಕವ್ಯಕ್ತಿ ನಾಟಕಗಳಿಗೆ ಎಂಟು ಪುಟ ಕೊಟ್ಟಿದ್ದೀರಿ. ಒಬ್ಬರೇ ಮಾತಾಡಿದರೆ ಅದು ಭಾಷಣ. ಮೇಳ ಇಲ್ಲದೆ ಆಟ ಉಂಟಾ?'

ಮಾಷ್ಟ್ರೇ, ಯಕ್ಷಗಾನದ ಚೆಂಡೆಯ ಸದ್ದಿಗೆ ರಾತ್ರಿಯಿಡೀ ನಿದ್ದೆಗೆಟ್ಟವನು ನಾನೂ. ಹತ್ತಿಪ್ಪತ್ತು ಜನ ಸೇರಿ ಕಟ್ಟುವ ಆಟದ ಸುಖ ಬೇರೆಯೇ, ಒಪ್ಪಿದೆ. ಆದರೆ 'ಭಾಷಣ' ಅಂದದ್ದು ಬೇಜಾರಾಯಿತು. ನೀವು ಹರಿಕಥೆ ಕೇಳಿ ಬೆಳೆದವರಲ್ವಾ? ಯಕ್ಷಗಾನದ ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರು ಹರಿಕಥೆಯಲ್ಲೂ ಹೆಸರಾದವರು. ದಾಸರು ಒಬ್ಬರೇ ಕೃಷ್ಣನೂ ಆಗುತ್ತಾರೆ, ಕಂಸನೂ ಆಗುತ್ತಾರೆ.

ಕೆಲವು ವರ್ಷದ ಹಿಂದೆ, ಜೋರು ಮಳೆಯ ಒಂದು ಸಂಜೆ, ಪೆರ್ಲದ ಹತ್ತಿರ ಒಬ್ಬ ಹೆಣ್ಣುಮಗಳ ಪ್ರಯೋಗ ನೋಡಿದೆ. ಕೈಯಲ್ಲಿದ್ದದ್ದು ಒಂದು ಬೈರಾಸು, ಮೈ ಒರೆಸುವ ಟವೆಲ್. ಮಡಚಿ ತೋಳಲ್ಲಿ ಹಿಡಿದರೆ ಕೂಸು. ಹೆಗಲಿಗೆ ಹಾಕಿದರೆ ಧಣಿ. ತಲೆಗೆ ಸುತ್ತಿದರೆ ಅಡಿಕೆ ಹೆಕ್ಕುವ ಆಳು. ಕೊನೆಗೆ ಕೂಸನ್ನು ಹಿಡಿದ ತೋಳು ನಿಧಾನ ಸಡಿಲವಾಯಿತು. ಬೈರಾಸನ್ನು ಬಿಚ್ಚಿ, ಕೊಡವಿ, ಹಗ್ಗಕ್ಕೆ ಹರವಿದಳು. ಪಕ್ಕದಲ್ಲಿ ಕೂತ ಅಜ್ಜ 'ಅಯ್ಯೋ, ಹೋಯ್ತಾ?' ಅಂದರು.

ಜಪಾನಿನಲ್ಲಿ ಒಬ್ಬರೇ ಕೂತು ಕಥೆ ಹೇಳುವ ರಾಕುಗೊ ಕಲಾವಿದರೂ ಹೀಗೆಯೇ. ಮಂಡಿಯೂರಿ ಕೂತು, ಒಂದು ಬೀಸಣಿಗೆ, ಒಂದು ಬೈರಾಸು ಹಿಡಿದು ಇಡೀ ಬೀದಿಯನ್ನು ತೋರಿಸುತ್ತಾರೆ. ಛತ್ತೀಸಗಢದ ತೀಜನ್ ಬಾಯಿ ಕೈಯಲ್ಲಿ ತಂಬೂರಿಯೇ ಭೀಮನ ಗದೆ. ಪಂಡವಾನಿ ಅಂದರೆ ಅಲ್ಲಿಯ ಮಹಾಭಾರತ ಕಥಾಗಾಯನ; ಹೆಂಗಸರು ಕೂತೇ ಹಾಡುತ್ತಿದ್ದ ಅದನ್ನು ಅವರು ಎದ್ದು ನಿಂತು ಹಾಡಿದರು. 1991ರಲ್ಲಿ ನ್ಯೂಯಾರ್ಕಿನ ಕ್ರೌನ್ ಹೈಟ್ಸ್‌ನಲ್ಲಿ ಕರಿಯರಿಗೂ ಯಹೂದಿಗಳಿಗೂ ಗಲಭೆಯಾಯಿತು. ಅಮೆರಿಕದ ನಟಿ ಅನ್ನಾ ಡೆವೆರ್ ಸ್ಮಿತ್ ಎರಡೂ ಕಡೆಯವರನ್ನು ಮಾತಾಡಿಸಿದರು. ಅವರ ಮಾತನ್ನೇ, ತಡವರಿಕೆ ಸಮೇತ, 1992ರಲ್ಲಿ ಒಬ್ಬರೇ ಆಡಿದರು. ಇಪ್ಪತ್ತು ನಟರು ಆಡಿದ್ದರೆ ಎರಡು ಪಂಗಡ ಕಾಣುತ್ತಿತ್ತು. ಒಂದೇ ಮೈಯಲ್ಲಿ ಇಬ್ಬರೂ ಬಂದರೆ ಯಾರ ಪಕ್ಷ ಹಿಡಿಯುತ್ತೀರಿ?

ಮೇಳ ಕಟ್ಟಿ ಅನ್ನುತ್ತೀರಿ. ಯಾರನ್ನು ಕಟ್ಟಿಕೊಂಡು? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬೆಂಗಳೂರಿಗೆ ನಾವು ಕೇರಳದವರು, ಇಲ್ಲಿ ಕನ್ನಡದವರು. ಓದಿದ ಮಕ್ಕಳು ಮಂಗಳೂರಿನ ಬಸ್ ಹತ್ತುತ್ತಾರೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುತ್ತಾರೆ. ಇಂಥ ಕಡೆ ತಾಲೀಮಿಗೆ ಹತ್ತು ಜನರನ್ನು ಕಾಯುತ್ತಾ ಕೂತರೆ ಬಾಯಿಯೇ ಕಟ್ಟಿಹೋಗುತ್ತದೆ.

ಆ ಹೆಣ್ಣುಮಗಳು ಬೈರಾಸನ್ನು ಚೀಲದಲ್ಲಿಟ್ಟುಕೊಂಡು ಬಸ್ಸಲ್ಲಿ ಬಂದಿದ್ದಳು. ನಾವು ಕೊಟ್ಟದ್ದು ಬಸ್ ಚಾರ್ಜು ಮಾತ್ರ. ಅದು ನನಗಿನ್ನೂ ಚುಚ್ಚುತ್ತದೆ. ಇನ್ನೊಮ್ಮೆ ಕರೆಸಬೇಕು ಅಂತಿದ್ದೇನೆ. ನಿಮ್ಮೂರ ವಾಚನಾಲಯದ ಹಾಲ್ ಒಂದು ಸಂಜೆಗೆ ಕೊಡಿಸುತ್ತೀರಾ, ಮಾಷ್ಟ್ರೇ? ಎದುರಿನ ಸಾಲಲ್ಲಿ ನಿಮಗೊಂದು ಕುರ್ಚಿ ಇಡಿಸುತ್ತೇನೆ.