ಸತ್ತವನಿಗೆ ನಾಗರ ಕಚ್ಚಿದರೇನು?

‘ಸರ್ಪಬಲ’ ಕಳಿಸಿದ ಯಾದಗಿರಿಯ ಲೇಖಕರಿಗೆ ನಮಸ್ಕಾರ.

ವ್ಯಾಂಪೈರ್‌ಗಳಿಗೆಂದು (ಸತ್ತ ಮೇಲೂ ರಕ್ತ ಕುಡಿದು ಬಾಳುವ, ಬಿಸಿಲು ತಾಳದ ಕಥೆಯ ಜೀವಿಗಳು) ನೀವು ಕಟ್ಟಿದ ಎಂಟು ಹಾವಿನ ಶಕ್ತಿಗಳನ್ನೂ, ಕಲಬುರಗಿ ಕೋಟೆಯಿಂದ ಬೀದರಿನ ತನಕ ಹಬ್ಬಿಸಿದ ರೋಲ್‌ಪ್ಲೇಯಿಂಗ್ ಆಟದ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಕಥೆಯಾಟ) ನಕ್ಷೆಯನ್ನೂ ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲು ಬರುವುದಿಲ್ಲ. ತಿದ್ದಿದರೆ ಖಂಡಿತ ಬರುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ಮೊದಲ ತಕರಾರು ದೊಡ್ಡದು. ನಿಮ್ಮ ಎಂಟು ಶಕ್ತಿಗಳಲ್ಲಿ ‘ಹಾವು’ ಎಂದಿರುವಲ್ಲೆಲ್ಲ ‘ಹುಲಿ’ ಎಂದು ಬರೆದು ನೋಡಿ. ಆರು ಶಕ್ತಿಗಳು ಏನೂ ಕೆಡದೆ ನಡೆಯುತ್ತವೆ. ಹಾವಿನ ಮೈಯಿಂದಲೇ ಶಕ್ತಿಯೂ ಹುಟ್ಟಬೇಕು, ಅದರ ಬೆಲೆಯೂ ಹುಟ್ಟಬೇಕು.

‘ಸರ್ಪದೃಷ್ಟಿ’ಯನ್ನೇ ತೆಗೆದುಕೊಳ್ಳಿ. ನೋಡಿದೊಡನೆ ಎದುರಾಳಿ ಕಲ್ಲಾಗುತ್ತಾನೆ ಎಂದಿದ್ದೀರಿ. ಎಷ್ಟು ಹೊತ್ತು, ಬಿಡಿಸಿಕೊಳ್ಳುವುದು ಹೇಗೆ, ಯಾವುದೂ ಇಲ್ಲ. ನಿಮ್ಮದು ಹತ್ತು ಮುಖದ ದಾಳ, 6 ಅಥವಾ ಮೇಲೆ ಬಿದ್ದರೆ ಗೆಲುವು. ಹೊಸ ಪಾತ್ರಕ್ಕೇ 7 ದಾಳ ಕೊಟ್ಟಿದ್ದೀರಿ. ಒಂದೂ ಗೆಲುವು ಬೀಳದಿರುವುದು 128 ಸಲಕ್ಕೆ ಒಮ್ಮೆ. ಇದಕ್ಕೆ ದಾಳ ಉರುಳಿಸುವ ಅಗತ್ಯವೇ ಇಲ್ಲ. 4 ದಾಳ ಕೊಟ್ಟು, ಗೆಲುವಿಗೆ 8 ಬೇಕು ಎನ್ನಿ. ಆಗ 100ರಲ್ಲಿ 76 ಸಲ ಫಲಿಸುತ್ತದೆ, ಉಳಿದ 24 ಸಲ ಮೇಜಿನ ಸುತ್ತ ಕೂತವರ ಎದೆ ಹೊಡೆದುಕೊಳ್ಳುತ್ತದೆ. ಒಂದೊಂದು ಗೆಲುವಿಗೆ ಒಂದು ಸುತ್ತು ಹಿಡಿತ. ಬೆಲೆ? ಹಾವಿಗೆ ರೆಪ್ಪೆಯಿಲ್ಲ. ಈ ಶಕ್ತಿ ನಡೆಯುವಷ್ಟು ಹೊತ್ತು ವ್ಯಾಂಪೈರ್ ಕಣ್ಣು ಮುಚ್ಚುವಂತಿಲ್ಲ, ಬೇರೆಡೆ ಹೊರಳಿಸುವಂತಿಲ್ಲ. ಪಕ್ಕದಿಂದ ಯಾರಾದರೂ ಬ್ಯಾಟರಿ ಬೆಳಕು ಬಿಟ್ಟರೆ 2 ದಾಳ ಕಡಿಮೆ.

ಎರಡನೆಯ ಶಕ್ತಿಯಲ್ಲಿ ನಾಗರಹಾವು ಕತ್ತಲಲ್ಲಿ ಮೈಶಾಖ ಕಾಣುತ್ತದೆ ಎಂದಿದೆ. ತಪ್ಪು. ಶಾಖ ಗ್ರಹಿಸುವ ಕುಳಿಗಳು ಗುಳಿಮಂಡಲ, ಹೆಬ್ಬಾವಿನಂಥವಕ್ಕಿವೆ. ನಾಗರಕ್ಕೂ ಇಲ್ಲ, ಕೊಳಕುಮಂಡಲಕ್ಕೂ ಇಲ್ಲ. ಅವಕ್ಕೆ ಸೀಳು ನಾಲಿಗೆಯಿಂದ ವಾಸನೆ, ನೆಲಕ್ಕೆ ತಾಗಿದ ದವಡೆಯಿಂದ ಅದುರು. ಈ ಅದುರನ್ನು ಹಿಡಿದುಕೊಳ್ಳಿ, ನಮ್ಮ ಕಡೆಯ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ: ಶಹಾಬಾದ್ ಫರ್ಸಿಕಲ್ಲು ಹಾಸಿದ ಪಡಸಾಲೆಯಲ್ಲಿ 10 ಮೀಟರ್ ದೂರದ ಹೆಜ್ಜೆ ತಿಳಿಯಲಿ, ಮಳೆಗೆ ಕೆಸರಾದ ಎರೆಹೊಲದಲ್ಲಿ 3 ಮೀಟರ್ ಸಾಕು, ಹೊರಸಿನ ಮೇಲೆ ಕಾಲು ಮಡಚಿ ಕೂತವನು ಇದ್ದಾನೆಂದೇ ತಿಳಿಯದಿರಲಿ.

ಈಗ ವಿಷ. ನಿಮ್ಮ ಬರಹದ ಅತಿ ದುರ್ಬಲ ಜಾಗ ಇದು, ಅತಿ ಶ್ರೀಮಂತ ಜಾಗವೂ ಇದೇ ಆಗಬಹುದು. ‘ನಾಗರವಿಷ ತಗುಲಿದ ಎದುರಾಳಿ ವ್ಯಾಂಪೈರ್ ಸಾಯುತ್ತಾನೆ’ ಎಂದು ಬರೆದಿದ್ದೀರಿ. ನಾಗರದ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುತ್ತದೆ. ರೆಪ್ಪೆ ಜೋತುಬೀಳುತ್ತದೆ, ಕಡೆಗೆ ಉಸಿರು ನಿಲ್ಲುತ್ತದೆ. ಉಸಿರೇ ಆಡದವನನ್ನು ಅದು ಹೇಗೆ ಕೊಂದೀತು? ರೆಪ್ಪೆ ಮಾತ್ರ ಜೋತುಬೀಳಲಿ: ಕಚ್ಚಿಸಿಕೊಂಡ ವ್ಯಾಂಪೈರ್ 2 ಸುತ್ತು ಸರ್ಪದೃಷ್ಟಿ ಬಳಸಲಾರ. ಕೊಳಕುಮಂಡಲದ ವಿಷ ಕೆಲಸ ಮಾಡುವುದು ರಕ್ತದ ಮೇಲೆ, ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ರಕ್ತವೇ ಜೀವವಾದ ಜಾತಿ ನಡುಗಬೇಕಾದದ್ದು ಇದಕ್ಕೆ. 3 ಸುತ್ತು ಗಾಯ ಮಾಯಿಸಲು ದುಪ್ಪಟ್ಟು ರಕ್ತ ಖರ್ಚಾಗಲಿ. ಕಟ್ಟುಹಾವನ್ನು ನೀವು ಮರೆತೇಬಿಟ್ಟಿದ್ದೀರಿ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಹಾವು, ನೋವು ಅಷ್ಟಾಗಿ ಇರುವುದಿಲ್ಲ, ಎಷ್ಟೋ ಸಲ ಗುರುತೂ ಸಿಗುವುದಿಲ್ಲ. ಕದ್ದು ರಕ್ತ ಕುಡಿಯುವ ಪಾತ್ರಕ್ಕೆ ಇದಕ್ಕಿಂತ ಹೊಂದುವ ಹಾವು ಇನ್ನೊಂದಿಲ್ಲ.

ನಿಮ್ಮ ಮೂರನೆಯ ದೃಶ್ಯದಲ್ಲಿ ಕಚ್ಚಿಸಿಕೊಂಡ ಕೂಲಿಯಾಳಿನ ಗಾಯ ಕೊಯ್ದು, ವಿಷ ಹೀರಿ ಬದುಕಿಸುತ್ತಾರೆ. ಆಟವೇ ಆದರೂ ಇದನ್ನು ನಾವು ಅಚ್ಚು ಹಾಕುವುದಿಲ್ಲ. ತೊಗರಿ ಹೊಲದಲ್ಲಿ ನಿಜವಾಗಿ ಹಾವು ಕಚ್ಚುವ ಸೀಮೆಯಲ್ಲಿ ಕೂತು ಬರೆಯುತ್ತಿದ್ದೇವೆ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಮೂರೂ ಹಾನಿ. ಕಚ್ಚಿದ ಅಂಗ ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪತ್ರೆಯ ದೃಶ್ಯ ಬರೆದರೆ ಆಟಕ್ಕೂ ಲಾಭ: ವೈದ್ಯರು ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಓರೆ ಮಾಡಿದಾಗ ಇನ್ನೂ ಹರಿದರೆ ಮಂಡಲದ ವಿಷವೆಂದು ಅನುಮಾನ. ವಿಷಕ್ಕೆ ಪ್ರತಿವಿಷ, ಮೊದಲ ಸಲಕ್ಕೇ 8ರಿಂದ 10 ಬಾಟಲಿ. ಊರಲ್ಲಿ ಹಾವೇ ಕಾಣದೆ ಮೂರು ಜನರ ರಕ್ತ ಹೀಗೆ ಹರಿದರೆ, ಬೇಟೆಗಾರ ಪಾತ್ರಗಳಿಗೆ ಸುಳಿವು ಸಿಕ್ಕಿತು.

ಹಾವಾಗಿ ಮಾರ್ಪಡುವ ಶಕ್ತಿ ಚೆನ್ನಾಗಿದೆ. ಬಟ್ಟೆ, ಆಯುಧ, ಮಾತು ಏನಾಗುತ್ತವೆ ಎಂದು ಒಂದೊಂದು ಸಾಲು ಸೇರಿಸಿ. ಪೊರೆಯನ್ನೂ ಸೇರಿಸಿ. ಪೊರೆ ಬಿಡುವ ಮುಂಚೆ ಕೆಲವು ದಿನ ಹಾವಿನ ಕಣ್ಣು ನೀಲಿಗಟ್ಟಿ ಮಂಜಾಗುತ್ತದೆ. ಮಾರ್ಪಟ್ಟ ಮರುರಾತ್ರಿ ಸರ್ಪದೃಷ್ಟಿ ನಡೆಯದಿರಲಿ, ಕಳಚಿದ ಪೊರೆ ಎಲ್ಲಾದರೂ ಉಳಿದಿರಲಿ.

ಎಂಟನೆಯದು, ಹೃದಯ ಕಿತ್ತು ಬಚ್ಚಿಡುವ ಶಕ್ತಿ, ನಿಮ್ಮದಲ್ಲ. 1991ರಲ್ಲಿ ಬಂದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಆಟದ ಸರ್ಪೆಂಟಿಸ್ ಶಕ್ತಿಯ ಐದನೆಯ ಮೆಟ್ಟಿಲು ಅದು. ತೆಗೆಯಿರಿ. ಅದರ ಬದಲಿಗೆ ಹುತ್ತವಿದೆಯಲ್ಲ! ಗೆದ್ದಲು ಕಟ್ಟುತ್ತದೆ, ಹಾವು ಬಂದು ಸೇರುತ್ತದೆ. ಬೇರೆಯವರು ಕಟ್ಟಿ ಬಾಳುತ್ತಿರುವ ಮನೆಯ ಗೋಡೆಯೊಳಗೆ, ಕರೆಯದೆಯೇ ಹೊಕ್ಕು ಹಗಲು ಕಳೆಯುವ ಶಕ್ತಿ ಕೊಡಿ. ಆ ಸಂಸಾರ ಮನೆ ಬಿಟ್ಟು ಗುಳೆ ಹೋದ ದಿನ ಗೋಡೆ ಅವನನ್ನು ಬಿಸಿಲಿಗೆ ಉಗುಳುತ್ತದೆ.

ಪಂಚಮಿಯ ದೃಶ್ಯದಲ್ಲಿ ವ್ಯಾಂಪೈರ್ ಹುತ್ತದ ಹಾಲು ಕುಡಿದು ಬಲಗೊಳ್ಳುತ್ತಾನೆ. ಹಾಲು ಹಾವಿನ ಆಹಾರವಲ್ಲ. ಜೋಕಾಲಿ, ಅಳ್ಳು, ಉಂಡಿ, ತವರಿಗೆ ಬಂದ ಹೆಣ್ಣುಮಕ್ಕಳು ಎಲ್ಲ ಇರಲಿ, ಆಟದ ನಿಯಮ ಮಾತ್ರ ಬೇರೆ ಕಡೆಯಿಂದ ತನ್ನಿ: ಅಂದು ನಮ್ಮಲ್ಲಿ ನೆಲ ಅಗೆಯುವುದಿಲ್ಲ. ಮಣ್ಣಲ್ಲಿ ಮಲಗಿದವನನ್ನು ಅಗೆದು ತೆಗೆಯಲು ಊರಿನ ಒಂದಾಳೂ ಸಿಗಬಾರದು.

ಉಳಿದದ್ದು ಚಿಕ್ಕದು. 1300ರಲ್ಲಿ ಬಹಮನಿ ಸುಲ್ತಾನ ಇರಲಿಲ್ಲ, ರಾಜ್ಯ ಶುರುವಾದದ್ದು 1347ರಲ್ಲಿ. ಬೀದರಿನ ನೌಬಾದ್ ಕರೇಜಿನಲ್ಲಿ (ನೆಲದಡಿ ನೀರು ಹರಿಸಲು ತೋಡಿದ ಹಳೆಯ ಸುರಂಗ) ಹಗಲೆಲ್ಲ ನಿರಾತಂಕ ಓಡಾಟ ಎಂದಿದ್ದೀರಿ; ಆ ಸುರಂಗಕ್ಕೆ ಮೇಲಿನಿಂದ ಬಾವಿಯಂತೆ ಇಳಿಸಿದ ಕಂಡಿಗಳಿವೆ. ನಡುಮಧ್ಯಾಹ್ನ ಪ್ರತಿ ಕಂಡಿಯ ಕೆಳಗೆ ಒಂದೊಂದು ಬಿಸಿಲಿನ ಬಿಲ್ಲೆ ಬೀಳಲಿ, ದಾಟಲು ದಾಳ ಉರುಳಿಸಲಿ. ಬೀದರಿನ ಡಿಸೆಂಬರ್ ಚಳಿಯಲ್ಲಿ ಎಲ್ಲ ಸರ್ಪಶಕ್ತಿಗೂ 1 ದಾಳ ಕಡಿಮೆ ಎಂದೂ ಬರೆಯಿರಿ, ಹಾವಿಗೆ ತನ್ನದೇ ಬಿಸಿ ಇಲ್ಲ.

ಎಂಟನ್ನು ಐದಕ್ಕಿಳಿಸಿ. ನಾಲ್ಕು ಜನರನ್ನು ಕೂರಿಸಿ ಮೂರು ರಾತ್ರಿ ಆಡಿಸಿ, ಯಾವ ಶಕ್ತಿಯನ್ನು ಯಾರು ಎಷ್ಟು ಸಲ ಬಳಸಿದರು ಎಂಬ ಲೆಕ್ಕದ ಹಾಳೆಯನ್ನೂ ಎರಡನೆಯ ಕರಡಿನ ಜತೆ ಕಳಿಸಿ. ಕಾಯುತ್ತಿರುತ್ತೇವೆ.

— ಸಂಪಾದಕರು, ಕಲಬುರಗಿ